ಡಿಕ್ಕಿಗೂ ಮೊದಲೇ ಹುಟ್ಟಿದ ಕರಿಕಲ್ಲು

ಚಿಕ್ಕೋಡಿ ಸೀಮೆಯಲ್ಲಿ ಬಾವಿ ತೋಡಿದವರಿಗೆ ನೆಲದ ವರಸೆ ಬಾಯಿಪಾಠ. ಮೇಲೆ ಎರಿ ಮಣ್ಣು, ಅದರ ಕೆಳಗೆ ಗರಸು, ಗರಸಿನ ಕೆಳಗೆ ಗುದ್ದಲಿಗೆ ಜಗ್ಗದ ಕರಿಕಲ್ಲು. ನಿಪ್ಪಾಣಿಯ ತಂಬಾಕಿನ ಹೊಲವಿರಲಿ, ರಾಯಬಾಗದ ಕಬ್ಬಿನ ತೋಟವಿರಲಿ, ಕಾಗವಾಡದ ಹೊಳೆದಂಡೆಯಿರಲಿ, ಅಥಣಿಯ ಮೂಡಲ ಭಾಗದ ಜೋಳದ ಹೊಲವಿರಲಿ, ಎರಿಯ ಆಳ ಹೆಚ್ಚುಕಡಿಮೆ ಆದೀತು. ತಳದ ಕಲ್ಲು ಬಹುಪಾಲು ಅದೇ. ಖಡಿ ಮಷೀನಿನಲ್ಲಿ ಒಡೆದು ರಸ್ತೆಗೆ ಬೀಳುವುದು ಅದು, ಹಳೆಯ ವಾಡೆಗಳ ಬುನಾದಿಯಲ್ಲಿ ಕೂತಿರುವುದು ಅದು. ಕೃಷ್ಣೆಯ ಆಚೆ ದಂಡೆಯ ಖಿದ್ರಾಪುರದಲ್ಲಿ, ಶಿಲಾಹಾರರ ಕಾಲದ ಕೋಪೇಶ್ವರ ದೇಗುಲದ ಸ್ವರ್ಗಮಂಟಪದಲ್ಲಿ ಕಡೆದು ನಿಲ್ಲಿಸಿದ 48 ಕಂಬಗಳೂ ಅದರವೇ.

ಇದು ಲಾವಾ ಆರಿ ಆದ ಕಲ್ಲು ಎಂಬುದು ಶಾಲೆಯ ಪಾಠದಿಂದ ಎಲ್ಲರಿಗೂ ಗೊತ್ತು. ಆದರೆ ಆ ಲಾವಾ ಬಂದದ್ದು ಯಾಕೆ ಎಂದು ಕೇಳಿದರೆ ಬರುವ ಉತ್ತರ ಅನೇಕ ಸಲ ಒಂದೇ: ಭಾರತದ ಭೂಖಂಡ ಏಷ್ಯಾಕ್ಕೆ ಬಡಿಯಿತು, ಹಿಮಾಲಯ ಎದ್ದಿತು, ನೆಲ ಸೀಳಿ ಬೆಂಕಿ ಹೊರಬಂತು. ಎರಡು ದೊಡ್ಡ ಘಟನೆಗಳು ನೆನಪಿನಲ್ಲಿ ಒಂದಾಗಿ ಹೆಣೆದುಕೊಂಡಿವೆ. ನಿಜ ಬೇರೆಯಿದೆ. ಈ ಕರಿಕಲ್ಲು ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಭಾರತ ಏಷ್ಯಾವನ್ನು ಮುಟ್ಟಿದ್ದು ಅದಾಗಿ ಒಂದು ಕೋಟಿಗೂ ಹೆಚ್ಚು ವರ್ಷ ಕಳೆದ ಮೇಲೆ. ಡಿಕ್ಕಿಯ ನಂತರ ಹೊರಬಂದ ಜ್ವಾಲಾಮುಖಿ ಶಿಲೆಗಳು ಇಲ್ಲದಿಲ್ಲ; ಅವು ಲಡಾಖಿನ ಆಚೆ, ಟಿಬೆಟಿನ ಪ್ರಸ್ಥಭೂಮಿಯಲ್ಲಿವೆ. ನಮ್ಮ ಕಾಲಡಿಯ ಕಲ್ಲಿಗೂ ಅವಕ್ಕೂ ಕುಲ ಬೇರೆ, ಗುಣ ಬೇರೆ. ಆ ಭೇದವನ್ನು ಬಿಡಿಸಿಕೊಳ್ಳಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ: ಕಲ್ಲು ಕರಗುವುದಾದರೂ ಯಾಕೆ?

ಭೂಮಿಯ ಹೊರಪದರದ ಕೆಳಗೆ ಕಾದ ಲಾವಾದ ಕಡಲೇ ಇದೆ ಎಂಬ ಕಲ್ಪನೆ ಬಹಳ ಜನರಲ್ಲಿದೆ. ಹಾಗೇನೂ ಇಲ್ಲ. ದಕ್ಷಿಣ ಭಾರತದಲ್ಲಿ ಹೊರಪದರದ ದಪ್ಪ ಹೆಚ್ಚುಕಡಿಮೆ 35ರಿಂದ 40 ಕಿ.ಮೀ. ಅದರ ಕೆಳಗಿನಿಂದ 2,900 ಕಿ.ಮೀ. ಆಳದವರೆಗೆ ಇರುವ ಮ್ಯಾಂಟಲ್ ಗಟ್ಟಿ ಕಲ್ಲೇ. ದ್ರವದ ಮೂಲಕ ದಾಟಲಾರದ ಅಡ್ಡಕಂಪನದ ಅಲೆಗಳು ಪ್ರತಿ ಭೂಕಂಪದಲ್ಲೂ ಅದರೊಳಗಿಂದ ಹಾದುಬರುತ್ತವೆ. ಗಟ್ಟಿ ಎಂಬುದಕ್ಕೆ ಅದೇ ಸಾಕ್ಷಿ. ನೂರಾರು ಕಿ.ಮೀ. ಆಳದಲ್ಲಿ ಬಿಸಿ 1,300 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅಷ್ಟು ಬಿಸಿಯಲ್ಲಿ ನೆಲದ ಮೇಲಿನ ಕಲ್ಲು ನೀರಾಗಿಬಿಡುತ್ತಿತ್ತು. ಆಳದಲ್ಲಿ ಹಾಗಾಗದಂತೆ ಹಿಡಿದಿಟ್ಟಿರುವುದು ಮೇಲಿನ ಭಾರ.

ಆದ್ದರಿಂದ ಮ್ಯಾಂಟಲಿನ ಕಲ್ಲು ಕರಗಲು ದಾರಿಗಳು ಬೆರಳೆಣಿಕೆಯಷ್ಟು. ಒಂದು, ಬಿಸಿ ಕಲ್ಲು ಮೇಲೇರಿ ಅದರ ಮೇಲಿನ ಭಾರ ಇಳಿಯಬೇಕು. ಎರಡು, ಅದಕ್ಕೆ ನೀರು ಸೇರಬೇಕು. ನೀರು ಬೆರೆತ ಕಲ್ಲು ನೂರಾರು ಡಿಗ್ರಿ ಕಡಿಮೆ ಬಿಸಿಯಲ್ಲೇ ಕರಗತೊಡಗುತ್ತದೆ. ಮೂರು, ಸುಲಭವಾಗಿ ಕರಗುವ ಕಲ್ಲಿಗೆ ಹೊಸ ಬಿಸಿ ತಗುಲಬೇಕು. ಚಿಕ್ಕೋಡಿಯ ಕಲ್ಲು ಮೊದಲ ದಾರಿಯದು. ಸುಮಾತ್ರಾ, ಜಾವಾ, ನಮ್ಮದೇ ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಗಳು ಎರಡನೆಯವು. ಭೂಖಂಡಗಳು ಬಡಿದಾಡುವ ಜಾಗದಲ್ಲಿ ಈ ಮೂರೂ ಒಂದರ ಹಿಂದೆ ಒಂದು ಬಂದು ತೊಡಕಿಕೊಳ್ಳುತ್ತವೆ.

ಮೊದಲು ನಮ್ಮದನ್ನು ನೋಡೋಣ. ಭಾರತದ ಭೂಖಂಡ ಮಡಗಾಸ್ಕರದಿಂದ ಬೇರ್ಪಟ್ಟದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಸಾಲಾಗಿ ನಿಂತ ಕಂಬದ ಕಲ್ಲುಗಳು ಆ ಅಗಲಿಕೆಯ ಕಾಲದವು. ಆಮೇಲೆ ಭಾರತ ಉತ್ತರದ ಹಾದಿ ಹಿಡಿಯಿತು. ಸಾಗುವ ದಾರಿಯಲ್ಲಿ, ಮ್ಯಾಂಟಲಿನ ಆಳದಿಂದ ಮೇಲೇಳುತ್ತಿದ್ದ ಬಿಸಿ ಕಲ್ಲಿನ ಒಂದು ಸ್ತಂಭದ ಮೇಲೆ ಅದು ಹಾದುಹೋಯಿತು. ಗಟ್ಟಿಯಾಗಿಯೇ ಮೇಲೇರಿದ ಆ ಕಲ್ಲು ಭೂಖಂಡದ ತಳಕ್ಕೆ ಬಂದು ಭಾರ ಇಳಿದಾಗ ಕರಗಿತು. ಮೇಲಿನ ನೆಲ ಉದ್ದುದ್ದ ಸೀಳಿತು. ಲಾವಾ ಶಿಖರ ಕಟ್ಟಲಿಲ್ಲ, ಬಿರುಕಿನುದ್ದಕ್ಕೂ ಉಕ್ಕಿ ಹರಡಿತು. ಅದಕ್ಕೇ ಈ ಸೀಮೆಯಲ್ಲಿ ಎಲ್ಲಿ ಹುಡುಕಿದರೂ ಜ್ವಾಲಾಮುಖಿಯ ಬಾಯಿ ಸಿಗುವುದಿಲ್ಲ. ಆ ಬಿಸಿ ಸ್ತಂಭ ಇಂದಿಗೂ ಆರಿಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಪಿಟೋನ್ ಡಿ ಲಾ ಫುರ್ನೇಸ್ ಎಂಬ ಜ್ವಾಲಾಮುಖಿ ಆಗಾಗ ಉಗುಳುವುದು ಅದೇ ಮೂಲದಿಂದ ಎಂದು ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್ ಎಂದು ಸಾಲುಗಟ್ಟಿದ ದ್ವೀಪಗಳ ಬುಡದ ಕಲ್ಲನ್ನು ಪರೀಕ್ಷಿಸಿದರೆ, ಚಿಕ್ಕೋಡಿಯಿಂದ ರಿಯೂನಿಯನ್ ಕಡೆಗೆ ಹೋದ ಹಾಗೆ ವಯಸ್ಸು ಕಿರಿದಾಗುತ್ತ ಹೋಗುತ್ತದೆ.

ಭಾರತ ಅಷ್ಟು ದೂರ ಸಾಗಿಬಂದಿತು ಎಂದು ನಂಬುವುದು ಹೇಗೆ? ಕರಿಕಲ್ಲೇ ಅದಕ್ಕೂ ಸಾಕ್ಷಿ. ಇದರಲ್ಲಿ ಕಬ್ಬಿಣದ ಆಕ್ಸೈಡಿನ ಹರಳುಗಳಿವೆ. ಲಾವಾ ಆರುವಾಗ ಅವು ಆ ಜಾಗದ, ಆ ಕಾಲದ ಭೂಕಾಂತದ ದಿಕ್ಕನ್ನು ಹಿಡಿದು ಗಟ್ಟಿಯಾಗುತ್ತವೆ. ಭೂಕಾಂತದ ಗೆರೆ ನೆಲಕ್ಕೆ ಎಷ್ಟು ಬಾಗಿದೆ ಎಂಬುದು ಅಕ್ಷಾಂಶದಿಂದ ಅಕ್ಷಾಂಶಕ್ಕೆ ಬದಲಾಗುವುದರಿಂದ, ಕಲ್ಲಿನಲ್ಲಿ ಉಳಿದ ಬಾಗು ಅಳೆದರೆ ಅದು ಹುಟ್ಟಿದ ಅಕ್ಷಾಂಶ ತಿಳಿಯುತ್ತದೆ. 1950ರ ದಶಕದಲ್ಲಿ ಲಂಡನ್ನಿನ ವಿಜ್ಞಾನಿಗಳು ದಖನ್ನಿನ ಕರಿಕಲ್ಲನ್ನು ಹೀಗೆ ಅಳೆದರು. ಭೂಖಂಡಗಳು ಚಲಿಸುತ್ತವೆ ಎಂಬ ಮಾತನ್ನು ಬಹಳ ಜನ ನಂಬದಿದ್ದ ಕಾಲ ಅದು. ಬಂದ ಉತ್ತರ: ಈ ಲಾವಾ ಆರಿದ್ದು ಭೂಮಧ್ಯರೇಖೆಯ ದಕ್ಷಿಣಕ್ಕೆ, ಸ್ಥೂಲವಾಗಿ 20ರಿಂದ 30 ಡಿಗ್ರಿ ಅಕ್ಷಾಂಶದ ನಡುವೆ. ಇಂದು ಅಥಣಿ ಇರುವುದು ಉತ್ತರಕ್ಕೆ 16 ಡಿಗ್ರಿ ದಾಟಿ. ನಾಲ್ಕು ಸಾವಿರ ಕಿ.ಮೀ. ಮೀರಿದ ಪ್ರಯಾಣ ಅದು. ಭೂಖಂಡಗಳು ಚಲಿಸುತ್ತವೆ ಎಂದು ಜಗತ್ತನ್ನು ಒಪ್ಪಿಸಿದ ಸಾಕ್ಷಿಗಳಲ್ಲಿ ನಮ್ಮ ಕರಿಕಲ್ಲಿನದೂ ಒಂದು.

ಒತ್ತಡ ಇಳಿದು ಕರಗಿದ ಮ್ಯಾಂಟಲಿನ ರಸಕ್ಕೆ ಒಂದು ಸ್ವಭಾವವಿದೆ. ಅದರಲ್ಲಿ ಸಿಲಿಕಾ ಕಡಿಮೆ, ಶೇ 50ರ ಆಸುಪಾಸು. ಕಬ್ಬಿಣ, ಮೆಗ್ನೀಸಿಯಂ, ಸುಣ್ಣ ಹೆಚ್ಚು. ಹೊರಬರುವಾಗಿನ ಬಿಸಿ 1,100 ಡಿಗ್ರಿಗೂ ಮೇಲೆ. ಸಿಲಿಕಾ ಕಡಿಮೆಯಾದಷ್ಟೂ ಲಾವಾ ತೆಳು. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯಿಂದ ಬೇಗ ಇಳಿಸಿದ ಕಾಕಂಬಿ ಬಗ್ಗಿಸಿದ ಕಡೆ ಹರಿದುಹೋಗುತ್ತದೆ, ಹದ ಮೀರಿ ಕಾಯ್ದದ್ದು ಹುಟ್ಟಿಗೇ ಅಂಟಿ ಕೂರುತ್ತದೆ. ದಖನ್ನಿನ ಲಾವಾಕ್ಕೂ ಡಿಕ್ಕಿಯ ಜಾಗದ ಲಾವಾಕ್ಕೂ ಇರುವ ಅಂತರ ಅಂಥದ್ದು. ನಮ್ಮದು ತೆಳುವಾಗಿ ನೂರಾರು ಕಿ.ಮೀ. ಹರಿಯಿತು. ಆಂಧ್ರದ ರಾಜಮಹೇಂದ್ರಿಯ ಬಳಿ ಗೋದಾವರಿಯ ದಂಡೆಯಲ್ಲಿರುವ ಕರಿಕಲ್ಲಿನ ರಸಾಯನ, ಸಹ್ಯಾದ್ರಿಯ ಮಹಾಬಳೇಶ್ವರ ಭಾಗದ ಪದರಗಳ ಜೊತೆ ತಾಳೆಯಾಗುತ್ತದೆ. ಲಾವಾ ಪ್ರಾಚೀನ ನದಿ ಕಣಿವೆಗಳನ್ನು ಹಿಡಿದು ಸಾವಿರ ಕಿ.ಮೀ. ಹರಿದು ಬಂಗಾಳ ಕೊಲ್ಲಿ ಮುಟ್ಟಿತ್ತು, ಭೂಮಿಯ ಮೇಲೆ ಗೊತ್ತಿರುವ ಅತಿ ಉದ್ದದ ಲಾವಾ ಹರಿವು ಇದೇ ಇರಬೇಕು ಎಂಬುದು ಅದನ್ನು ಅಭ್ಯಾಸ ಮಾಡಿದವರ ವಾದ.

ಒಂದು ಹರಿವು ಆರುವುದು, ಅದರ ಮೈ ಸವೆದು ಕೆಂಪು ಮಣ್ಣಾಗುವುದು, ಮೇಲೆ ಇನ್ನೊಂದು ಹರಿವು ಬರುವುದು: ಹೀಗೆ ಪದರದ ಮೇಲೆ ಪದರ ಕೂತಿತು. ಮುಖ್ಯ ಉಕ್ಕು ನಡೆದದ್ದು ಹತ್ತು ಲಕ್ಷ ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಎಂದು ಈಚಿನ ಕಾಲನಿರ್ಣಯ ತೋರಿಸಿದೆ. ಭೂಮಿಯ ಲೆಕ್ಕದಲ್ಲಿ ಅದು ಅವಸರವೇ. ಡೈನೋಸಾರ್‌ಗಳು ಅಳಿದದ್ದೂ ಇದೇ ಕಾಲದಲ್ಲಿ. ಅದರಲ್ಲಿ ಮೆಕ್ಸಿಕೊದಲ್ಲಿ ಬಿದ್ದ ಆಕಾಶಕಲ್ಲಿನ ಪಾಲೆಷ್ಟು, ದಖನ್ನಿನ ಲಾವಾ ಜೊತೆ ಹೊರಟ ಅನಿಲಗಳ ಪಾಲೆಷ್ಟು ಎಂಬ ಚರ್ಚೆ ಮುಗಿದಿಲ್ಲ. ಎರಡು ಹರಿವಿನ ನಡುವಿನ ಬಿಡುವಿನಲ್ಲಿ ಕೆರೆಗಳಾದವು, ಅವುಗಳಲ್ಲಿ ಬಸವನಹುಳುಗಳು ಬಾಳಿದವು. ಗೋಕಾಕ ಭಾಗದಲ್ಲಿ ಕರಿಕಲ್ಲಿನ ಪದರಗಳ ನಡುವೆ ಸಿಹಿನೀರಿನ ಚಿಪ್ಪುಗಳ ಪಳೆಯುಳಿಕೆ ಸಿಕ್ಕಿವೆ. ಇಂದು ಉಳಿದಿರುವ ಹರಹೇ ಸುಮಾರು ಐದು ಲಕ್ಷ ಚದರ ಕಿ.ಮೀ. ಸಹ್ಯಾದ್ರಿಯಲ್ಲಿ ಪದರಗಳ ರಾಶಿ ಬಲು ದಪ್ಪ: ಕೊಯ್ನಾದಲ್ಲಿ ಕೊರೆದು ನೋಡಿದಾಗ ಲಾವಾ ಮುಗಿದು ತಳದ ಗ್ರಾನೈಟು ಸಿಕ್ಕಿದ್ದು 930 ಮೀಟರ್ ದಾಟಿದ ಮೇಲೆ. ಪೂರ್ವದ ಕಿಲ್ಲಾರಿಯಲ್ಲಿ ಅದು 338 ಮೀಟರಿಗೇ ಮುಗಿಯಿತು. ದಕ್ಷಿಣಕ್ಕೂ ಹಾಗೇ ತೆಳ್ಳಗಾಗುತ್ತ ಬಂದು ಬೆಳಗಾವಿ ಜಿಲ್ಲೆಯಲ್ಲಿ ಅದರ ಸೆರಗು ಮುಗಿಯುತ್ತದೆ. ರಾಯಬಾಗದಿಂದ ಗೋಕಾಕಕ್ಕೆ ಇಳಿದರೆ ಘಟಪ್ರಭೆ ಧುಮುಕುವುದು ಕರಿಕಲ್ಲಿನಿಂದಲ್ಲ, ಅದಕ್ಕಿಂತ ಎಷ್ಟೋ ಹಳೆಯ ಮರಳುಗಲ್ಲಿನಿಂದ.

ಭಾರತಕ್ಕೆ ಅಂಟಿಕೊಂಡಿದ್ದ ಸೆಶೆಲ್ಸ್ ತುಂಡು ಲಾವಾ ಹರಿದ ಬೆನ್ನಿಗೇ ಕಳಚಿಕೊಂಡಿತು. ಹಾಗೆ ಹರಿದುಕೊಂಡ ಪಶ್ಚಿಮದ ಅಂಚು ಎತ್ತರಿಸಿತು, ಪ್ರಸ್ಥಭೂಮಿ ಪೂರ್ವಕ್ಕೆ ವಾಲಿತು. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಅರಬ್ಬೀ ಸಮುದ್ರ ಕೂಗಳತೆಯಲ್ಲಿದ್ದರೂ ಅವಳು ಅತ್ತ ತಿರುಗದೆ, ಯಡೂರು, ಉಗಾರ, ಕುಡಚಿ ಹಾದು 1,400 ಕಿ.ಮೀ. ದೂರದ ಬಂಗಾಳ ಕೊಲ್ಲಿಗೆ ಹೋಗುವುದು ಈ ವಾಲಿಕೆಯ ಫಲ. ದೂಧಗಂಗಾ, ವೇದಗಂಗಾ ಕೂಡ ಅದೇ ಇಳಿಜಾರು ಹಿಡಿದು ಬರುತ್ತವೆ.

ಈಗ ಡಿಕ್ಕಿಯ ಜಾಗಕ್ಕೆ ಹೋಗೋಣ. ನಮ್ಮಲ್ಲಿ ಲಾವಾ ಹರಿಯುತ್ತಿದ್ದಾಗ ಭಾರತಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಎಂಬ ಸಾಗರವಿತ್ತು. ಅದರ ಕುರುಹು ಕಾಣಲು ಹಿಮಾಲಯಕ್ಕೇ ಹೋಗಬೇಕೆಂದಿಲ್ಲ. ಅನೇಕರ ಮನೆಯ ದೇವರ ಪೆಟ್ಟಿಗೆಯಲ್ಲಿರುವ, ನೇಪಾಳದ ಗಂಡಕಿ ನದಿಯಿಂದ ಬಂದ ಸಾಲಿಗ್ರಾಮದ ಒಳಗಿನ ಸುರುಳಿ, ಟೆಥಿಸಿನಲ್ಲಿ ಬಾಳಿದ್ದ ಅಮ್ಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಆ ಸಾಗರದ ತಳ ಏಷ್ಯಾದ ಅಂಚಿನ ಕೆಳಗೆ ನುಗ್ಗಿ ಮ್ಯಾಂಟಲಿಗೆ ಇಳಿಯುತ್ತಿತ್ತು. ಇಳಿಯುವಾಗ ಖನಿಜಗಳಲ್ಲಿ ಕಟ್ಟಿಕೊಂಡಿದ್ದ ನೀರನ್ನೂ, ಮೇಲೆ ಕೂತಿದ್ದ ಕೆಸರನ್ನೂ ಒಯ್ಯಿತು. ಸುಮಾರು ನೂರು ಕಿ.ಮೀ. ಆಳದ ಹೊತ್ತಿಗೆ ಬಿಸಿ ತಾಳದೆ ಆ ಖನಿಜಗಳು ನೀರು ಬಿಟ್ಟವು. ನೀರು ಮೇಲಿನ ಮ್ಯಾಂಟಲಿಗೆ ಏರಿತು, ಅದು ಕರಗಿತು. ಇಲ್ಲಿ ಕಲ್ಲು ಮೇಲೇರಿ ಭಾರ ಕಳೆದುಕೊಂಡದ್ದು ಗೌಣ, ನೀರು ಸೇರಿದ್ದೇ ಪ್ರಧಾನ.

ಹೀಗೆ ಎದ್ದ ಜ್ವಾಲಾಮುಖಿಗಳ ಸಾಲು ಏಷ್ಯಾದ ದಕ್ಷಿಣದ ಅಂಚಿನಲ್ಲಿ ನಿಂತಿತು. ಲ್ಹಾಸಾದ ಉತ್ತರಕ್ಕೆ ಹಬ್ಬಿದ ಲಿಂಜಿಜೋಂಗ್ ಶಿಲೆಗಳು ಅದರ ಉಳಿಕೆ. ವಯಸ್ಸು ಸುಮಾರು 6.9 ಕೋಟಿಯಿಂದ 4.3 ಕೋಟಿ ವರ್ಷ. ಲಡಾಖಿನ ಖಾರ್ದುಂಗ್ ಲಾ ಕಣಿವೆಯ ಕಡೆ ಇರುವ ಜ್ವಾಲಾಮುಖಿ ಶಿಲೆಗಳೂ ಆ ಸಾಲಿನವೇ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತಯಾರಾಗಿ ಆ ಗಡಿಗಳಲ್ಲಿ ಪಹರೆ ಮಾಡಿಬಂದ ಸೈನಿಕರು ಈ ಸೀಮೆಯಲ್ಲಿ ಬಹಳ. ಅವರು ಅಲ್ಲಿ ತುಳಿದ ಲಾವಾಕ್ಕೂ ಊರ ಹೊಲದ ಲಾವಾಕ್ಕೂ ವಯಸ್ಸು ಹೆಚ್ಚುಕಡಿಮೆ ಒಂದೇ. ಆದರೆ ಖಾರ್ದುಂಗಿನ ಕಲ್ಲಿನಲ್ಲಿ ಸಿಲಿಕಾ ಹೆಚ್ಚು, ಬಣ್ಣ ತಿಳಿ. ದಪ್ಪ ಲಾವಾದೊಳಗೆ ಅನಿಲ ಸಿಕ್ಕಿಕೊಂಡು ಸಿಡಿದು ಬೂದಿಯಾಗಿ ಬಿದ್ದದ್ದೂ ಅಲ್ಲಿ ಬಹಳ. ನಮ್ಮ ಕಡೆ ಉಕ್ಕಿ ಹರಿಯಿತು, ಅಲ್ಲಿ ಸಿಡಿದು ಚದುರಿತು. ಒಂದೇ ಕಾಲದಲ್ಲಿ ಹುಟ್ಟಿಯೂ ಅವು ಬೇರೆಯಾದದ್ದು ಕರಗಿದ ಕಾರಣ ಬೇರೆಯಾದ್ದರಿಂದ.

ಐದು ಕೋಟಿ ವರ್ಷಗಳ ಹಿಂದೆ, ಕೆಲವರ ಲೆಕ್ಕದಲ್ಲಿ ಅದಕ್ಕೂ ತುಸು ಮೊದಲು, ಸಾಗರದ ತಳ ಮುಗಿದು ಭಾರತದ ನೆಲವೇ ಏಷ್ಯಾಕ್ಕೆ ಬಡಿಯಿತು. ಅದುವರೆಗೆ ವರ್ಷಕ್ಕೆ 15 ಸೆಂ.ಮೀ. ಮೀರಿ ಓಡುತ್ತಿದ್ದ ಭಾರತದ ವೇಗ ಸುಮಾರು 5 ಸೆಂ.ಮೀ.ಗೆ ಇಳಿಯಿತು. ಇನ್ನು ಮೇಲೆ ಜ್ವಾಲಾಮುಖಿ ಹೆಚ್ಚಬೇಕಲ್ಲವೇ ಎಂದು ತೋರುವುದು ಸಹಜ. ಆದದ್ದು ತಿರುವುಮುರುವು. ಭೂಖಂಡದ ಕಲ್ಲು ಹಗುರ. ಸಾಗರದ ತಳದ ಹಾಗೆ ಮ್ಯಾಂಟಲಿನ ಆಳಕ್ಕೆ ಸುಲಭವಾಗಿ ಮುಳುಗದು, ನೀರು ಒಯ್ಯುವ ಕೆಲಸವೂ ನಿಲ್ಲುತ್ತದೆ. ನೆಲ ಮಡಿಕೆ ಬಿದ್ದು ದಪ್ಪವಾಗುತ್ತದೆ. ಟಿಬೆಟಿನ ಕೆಳಗೆ ಹೊರಪದರದ ದಪ್ಪ ಈಗ ಸುಮಾರು 70 ಕಿ.ಮೀ., ನಮ್ಮಲ್ಲಿರುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಅಷ್ಟು ದಪ್ಪದ ಕೆಳಗಿನಿಂದ ರಸ ಏರಿಬರುವುದೇ ಕಷ್ಟ. ಅದಕ್ಕೇ ಜಗತ್ತಿನ ಅತಿ ಎತ್ತರದ ಪರ್ವತಶ್ರೇಣಿಯಲ್ಲಿ ಒಂದೂ ಜ್ವಾಲಾಮುಖಿ ಇಲ್ಲ. ಹಿಮಾಲಯದಲ್ಲಿ ಕಲ್ಲು ಕರಗಿದ್ದುಂಟು, ಆದರೆ ಅದು ಹೊರಪದರದ ಕಲ್ಲೇ ತನ್ನ ಬಿಸಿಗೆ ತಾನೇ ಕರಗಿ, ಮೇಲೆ ಬರಲಾರದೆ ಒಳಗೇ ಆರಿ ಬಿಳಿ ಗ್ರಾನೈಟಾದದ್ದು. ಗಂಗೋತ್ರಿಯ ಮೇಲೆ ನಿಂತ ಶಿವಲಿಂಗ ಶಿಖರ ಅಂಥ ಕಲ್ಲಿನದು, ವಯಸ್ಸು ಸುಮಾರು ಎರಡು ಕೋಟಿ ವರ್ಷ.

ಹಾಗಾದರೆ ಡಿಕ್ಕಿಯಾದ ಮೇಲಿನ ಜ್ವಾಲಾಮುಖಿ ಶಿಲೆ ಎಲ್ಲಿಂದ ಬಂತು? ಒಗಟು ಇರುವುದು ಇಲ್ಲೇ. ಡಿಕ್ಕಿಯ ಗೆರೆಯಿಂದ ಉತ್ತರಕ್ಕೆ, ಟಿಬೆಟಿನ ಮೇಲೆ, ಸಾಗರ ಮುಚ್ಚಿ ಕೋಟ್ಯಂತರ ವರ್ಷವಾದ ಮೇಲೂ ಅಲ್ಲಲ್ಲಿ ಲಾವಾ ಹೊರಬಂದಿದೆ. ನಡು ಟಿಬೆಟಿನಲ್ಲಿ 4 ಕೋಟಿ ವರ್ಷದ ಆಸುಪಾಸು, ದಕ್ಷಿಣದ ಲ್ಹಾಸಾ ಭಾಗದಲ್ಲಿ 2.5 ಕೋಟಿಯಿಂದ 80 ಲಕ್ಷ ವರ್ಷದ ನಡುವೆ, ಉತ್ತರದ ಕುನ್‌ಲುನ್ ಅಂಚಿನಲ್ಲಿ ತೀರ ಈಚೆಗೂ. ಅಲ್ಲಿನ ಅಶಿಕುಲೆ ಎಂಬಲ್ಲಿ 1951ರಲ್ಲಿ ಸ್ಫೋಟವಾಯಿತೆಂಬ ವರದಿಯಿದೆ. ಈ ಲಾವಾ ಪ್ರಮಾಣದಲ್ಲಿ ಅಲ್ಪ, ಗುಣದಲ್ಲಿ ವಿಚಿತ್ರ. ದಖನ್ನಿನ ಕರಿಕಲ್ಲಿನಲ್ಲಿ ಪೊಟ್ಯಾಷಿಯಂ ಆಕ್ಸೈಡು ಸಾಮಾನ್ಯವಾಗಿ ಶೇ 1ಕ್ಕಿಂತ ಕೆಳಗೆ, ಅನೇಕ ಪದರಗಳಲ್ಲಿ ಅರೆಪಾಲೂ ಇಲ್ಲ. ಟಿಬೆಟಿನ ಈ ಕಲ್ಲುಗಳಲ್ಲಿ ಅದು ಶೇ 5 ದಾಟುವುದುಂಟು.

ಮ್ಯಾಂಟಲಿನ ಕಲ್ಲಿನಲ್ಲಿ ಸಹಜವಾಗಿ ಪೊಟ್ಯಾಷಿಯಂ ಅತ್ಯಲ್ಪ. ಇಷ್ಟು ಇರಬೇಕಾದರೆ ಯಾರೋ ಮೊದಲೇ ಸೇರಿಸಿಟ್ಟಿರಬೇಕು. ಸೇರಿಸಿದ್ದು ಟೆಥಿಸ್ ಸಾಗರವೇ. ಅದರ ತಳ ಕೆಳಗಿಳಿಯುತ್ತಿದ್ದ ಕೋಟ್ಯಂತರ ವರ್ಷಗಳಲ್ಲಿ, ಒಯ್ದ ಕೆಸರಿನಿಂದ ಒಸರಿದ ದ್ರವ ಏಷ್ಯಾದ ತಳದ ಮ್ಯಾಂಟಲಿನ ಸಂದುಗಳಲ್ಲಿ ಹೊಕ್ಕು, ಅಭ್ರಕದಂಥ ಖನಿಜಗಳಾಗಿ ಕೂತಿತು. ಆ ಭಾಗ ಸುಲಭವಾಗಿ ಕರಗುವಂಥದ್ದು, ಆದರೆ ಕರಗಿಸಲು ಬಿಸಿ ಬೇಕಿತ್ತು. ಡಿಕ್ಕಿಯ ನಂತರ ಆ ಬಿಸಿ ಎರಡು ದಾರಿಯಲ್ಲಿ ಬಂದಿರಬಹುದು. ಒಂದು, ಕೆಳಗೆ ಜೋತುಬಿದ್ದಿದ್ದ ಸಾಗರತಳ ತನ್ನ ಭಾರಕ್ಕೆ ಹರಿದು ಕಳಚಿ ಬಿದ್ದಿರಬೇಕು. ಇನ್ನೊಂದು, ಅತಿ ದಪ್ಪವಾದ ಭೂಖಂಡದ ಅಡಿಯ ತಣ್ಣಗಿನ ಭಾರದ ಪದರ ಸುಲಿದು ಕೆಳಗೆ ಮುಳುಗಿರಬೇಕು. ಎರಡರಲ್ಲೂ ತೆರವಾದ ಜಾಗಕ್ಕೆ ಆಳದ ಬಿಸಿ ಮ್ಯಾಂಟಲ್ ಏರಿ, ಹದಗೊಂಡಿದ್ದ ತಳವನ್ನು ಕರಗಿಸುತ್ತದೆ. ಟಿಬೆಟಿನ ಯಾವ ಭಾಗದಲ್ಲಿ ಯಾವುದು ನಡೆಯಿತು, ಭಾರತದ ಮುಂಚೂಣಿ ಎಷ್ಟು ದೂರ ಕೆಳಗೆ ತೂರಿದೆ ಎಂಬ ವಾದ ಸಂಶೋಧಕರ ನಡುವೆ ಇನ್ನೂ ಬಿಸಿಯಾಗಿಯೇ ಇದೆ. ಒಂದು ಮಾತಿನಲ್ಲಿ ಮಾತ್ರ ಭಿನ್ನಾಭಿಪ್ರಾಯ ಕಡಿಮೆ: ಡಿಕ್ಕಿಯ ಹೊಡೆತದ ಬಿಸಿಯಿಂದ ಈ ಲಾವಾ ಹುಟ್ಟಲಿಲ್ಲ. ಡಿಕ್ಕಿಗೂ ಮೊದಲು ಮುಳುಗಿದ ಸಾಗರ ಕೂಡಿಟ್ಟದ್ದು, ಡಿಕ್ಕಿಯ ನಂತರದ ಕದಲಿಕೆಯಲ್ಲಿ ಹೊರಬಂತು.

ಇದು ಟಿಬೆಟಿಗಷ್ಟೇ ಸೀಮಿತವಲ್ಲ. ಅರೇಬಿಯಾದ ನೆಲ ಏಷ್ಯಾಕ್ಕೆ ಒತ್ತುತ್ತಿರುವಲ್ಲಿ ತುರ್ಕಿಯ ಅರಾರತ್ ಇದೆ, 1840ರಲ್ಲಿ ಸ್ಫೋಟಿಸಿದ್ದು. ಇರಾನಿನ ದಮಾವಂದ್ ಇದೆ, 5,600 ಮೀಟರ್ ಎತ್ತರದ್ದು. ಎರಡೂ ಡಿಕ್ಕಿಯ ಮೇಲೆ ಬೆಳೆದ ಜ್ವಾಲಾಮುಖಿಗಳು.

ಅಷ್ಟು ದೂರ ಯಾಕೆ, ಡಿಕ್ಕಿಯ ಜಾಗದ ಜ್ವಾಲಾಮುಖಿ ಶಿಲೆ ಕರ್ನಾಟಕದಲ್ಲೇ ಇದೆ ಎಂಬ ವಾದವಿದೆ. ಅದನ್ನು ಹುಡುಕಬೇಕಾದದ್ದು ಕರಿಕಲ್ಲಿನಲ್ಲಲ್ಲ, ಕರಿಕಲ್ಲು ಹೊದ್ದ ಹಳೆಯ ನೆಲದ ಮುಂದುವರಿಕೆಯಲ್ಲಿ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಇದೆ. ನೀರಿನೊಳಗೆ ಉಕ್ಕಿದ ಲಾವಾ ಮಾತ್ರ ಆ ಆಕಾರ ತಾಳುತ್ತದೆ. ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಕೋಲಾರದ ಚಿನ್ನದ ಪಟ್ಟಿಯ ಕಪ್ಪು ಶಿಲೆಗಳೂ ಮೂಲದಲ್ಲಿ ಲಾವಾ, ಸುಮಾರು 270 ಕೋಟಿ ವರ್ಷದವು. ಆ ಪಟ್ಟಿಯ ಪೂರ್ವದ ಮತ್ತು ಪಶ್ಚಿಮದ ಕಲ್ಲುಗಳ ಪೂರ್ವಚರಿತ್ರೆ ಒಂದಕ್ಕೊಂದು ಹೊಂದುವುದಿಲ್ಲ. ಬೇರೆ ಬೇರೆ ನೆಲದ ತುಣುಕುಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಕೋಲಾರದ ಗೆರೆಯಲ್ಲಿ ಬಂದು ಕೂಡಿಕೊಂಡವು ಎಂದು ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ವಿ. ರಾಜಮಣಿ ಅವರಿದ್ದ ತಂಡ 1989ರಲ್ಲಿ ವಾದಿಸಿತು. ಅಷ್ಟು ಹಿಂದೆಯೂ ಭೂಫಲಕಗಳು ಇಂದಿನಂತೆಯೇ ಚಲಿಸುತ್ತಿದ್ದವು ಎಂಬುದಕ್ಕೆ ಅದು ಬಲ ಕೊಟ್ಟಿತು. ಮ್ಯಾಂಟಲಿನ ಬಿಸಿ ಸ್ತಂಭದಿಂದಲೇ ಇವೆಲ್ಲ ಬಂದವು ಎನ್ನುವವರೂ ಇದ್ದಾರೆ. ಅಂದರೆ ಕೋಲಾರದ ಕಲ್ಲಿನ ಮುಂದೆ ಇರುವುದೂ ಚಿಕ್ಕೋಡಿಯ ಕಲ್ಲಿನ ಮುಂದೆ ಇಟ್ಟ ಪ್ರಶ್ನೆಯೇ: ಕರಗಿದ್ದು ಭಾರ ಇಳಿದೋ, ನೀರು ಸೇರಿಯೋ?

ಇದರಿಂದ ಹೊಲದವನಿಗೇನು ಎಂದು ಕೇಳಿದರೆ, ಬೇಕಾದಷ್ಟಿದೆ. ಗ್ರಾನೈಟಿನಲ್ಲಿ ಬೆಣಚು ಬಹಳ. ಅದು ಸವೆದರೂ ಮಣ್ಣಾಗದೆ ಮರಳಾಗಿ ಉಳಿಯುತ್ತದೆ. ನಮ್ಮ ಕರಿಕಲ್ಲಿನಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ಇರುವುದು ಸುಣ್ಣ, ಕಬ್ಬಿಣ, ಮೆಗ್ನೀಸಿಯಂ ತುಂಬಿದ ಖನಿಜಗಳು. ಅರೆಬರೆ ಮಳೆಯ ಈ ಹವೆಯಲ್ಲಿ ಅವು ಸವೆದು ಸ್ಮೆಕ್ಟೈಟ್ ಎಂಬ ಜೇಡಿಯಾಗುತ್ತವೆ. ಅದರ ಪದರಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರಿ ಹೊಲ ಬಾಯಿಬಿಡುವುದು, ಹಿಂಗಾರಿ ಜೋಳ ಇಬ್ಬನಿ ಮತ್ತು ನೆಲದ ಹಸಿಯ ಮೇಲೇ ಬರುವುದು ಅದರ ದೆಸೆಯಿಂದ. ಅದೇ ಜೇಡಿ ನೀರನ್ನು ಕೆಳಗೆ ಬಸಿಯಗೊಡುವುದಿಲ್ಲ. ಕೃಷ್ಣೆಯ ದಂಡೆಯ ಕಬ್ಬಿನ ಭೂಮಿಗೆ ವರ್ಷವಿಡೀ ನೀರು ಬಿಟ್ಟಲ್ಲಿ ಉಪ್ಪು ಮೇಲೇರಿ ಸವಳು ಬಿದ್ದಿದೆ. ಮಣ್ಣಿನ ಹುಟ್ಟುಗುಣ ತಿಳಿದಿದ್ದರೆ ನೀರಿನ ಜೊತೆಗೇ ಬಸಿಗಾಲುವೆಯ ಯೋಚನೆಯೂ ಬರುತ್ತಿತ್ತು.

ಬಾವಿಯ ಲೆಕ್ಕವೂ ಹೀಗೆಯೇ. ಒಂದು ಹರಿವಿನ ನಡುಭಾಗ ಗಟ್ಟಿ, ಅದರಲ್ಲಿ ನೀರಿಗೆ ಎಡೆಯಿಲ್ಲ. ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳ ತೂತು, ಸವೆದ ಸಂದುಗಳು. ನೀರು ಇರುವುದು ಅಲ್ಲಿ. ಎರಡು ಹರಿವಿನ ನಡುವಿನ ಕೆಂಪು ಮಣ್ಣಿನ ಪಟ್ಟಿ ಹಲವೆಡೆ ನೀರನ್ನು ತಡೆದು ನಿಲ್ಲಿಸುತ್ತದೆ. ಹೀಗಾಗಿ ಒಂದು ಹೊಲದ ಬೋರಿಗೆ ನೀರು ಬಿದ್ದು ಪಕ್ಕದ್ದು ಧೂಳು ಕಾರುವುದು ದೈವದ ಆಟವೇನಲ್ಲ. ಲಾವಾ ತೆಳುವಾಗಿ, ಬಿಡುವು ಕೊಟ್ಟು ಕೊಟ್ಟು ಹರಿದದ್ದರ ಫಲ ಅದು. ಹರಿವುಗಳ ಗಟ್ಟಿ ನಡುಭಾಗವನ್ನೇ ಕೊರೆಯುತ್ತ ಸಾವಿರ ಅಡಿಗೆ ಇಳಿದರೂ ಹೊಸ ನೀರು ಸಿಗಬೇಕೆಂಬ ನಿಯಮವಿಲ್ಲ. ಮಳೆ ಕಡಿಮೆಯ ಅಥಣಿಯ ಮೂಡಲ ಭಾಗದಲ್ಲಿ ಮೇಲಿನ ಸವೆದ ಪದರಕ್ಕೆ ಮಳೆನೀರು ಇಂಗಿಸುವುದೇ ಹೆಚ್ಚು ಭರವಸೆಯ ದಾರಿ.

ಡಿಕ್ಕಿಗೂ ನಮಗೂ ಸಂಬಂಧವೇ ಇಲ್ಲ ಎಂದೂ ಅಲ್ಲ. ಭಾರತ ಇಂದಿಗೂ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ, ಹಿಮಾಲಯ ತಡೆಯುತ್ತಿದೆ, ಆ ಒತ್ತಡ ಹಿಂದಿರುಗಿ ಇಡೀ ದಖನ್ನಿನ ಮೇಲೆ ಬೀಳುತ್ತಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕೊಂದ ಭೂಕಂಪ, ಕರಿಕಲ್ಲಿನ ಕೆಳಗಿನ ಹಳೆಯ ನೆಲದ ಬಿರುಕು ಆ ಒತ್ತಡಕ್ಕೆ ಸರಿದದ್ದರಿಂದ ಆದದ್ದು. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದಲ್ಲಿ ಜಲಾಶಯದ ನೀರಿನ ಪಾತ್ರ ದೊಡ್ಡದು. ಬಿರುಕಿನಲ್ಲಿ ಒತ್ತಡ ಮೊದಲೇ ಇತ್ತು, ನೀರು ಅದನ್ನು ಸಡಿಲಿಸಿತು. ಕರಿಕಲ್ಲನ್ನು ಹುಟ್ಟಿಸದ ಡಿಕ್ಕಿ ಅದನ್ನು ಅಲುಗಿಸುವುದುಂಟು.

ಈ ಸೀಮೆಯ ಕಲ್ಲನ್ನು ಮೊದಲು ಶಿಸ್ತಾಗಿ ಬರೆದಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿಯಾಗಿ ಬೆಳಗಾವಿ, ಧಾರವಾಡ, ಕಲಾದಗಿ ಭಾಗ ಸುತ್ತಿ 1876ರಲ್ಲಿ ದೊಡ್ಡ ವರದಿ ಪ್ರಕಟಿಸಿದರು. ನೂರು ವರ್ಷ ದಾಟಿದ ಮೇಲೆ ದಖನ್ನಿನ ಲಾವಾ ಪದರಗಳನ್ನು ರಸಾಯನದ ಮೇಲೆ ವಿಂಗಡಿಸಿದಾಗ, ಮೇಲ್ತುದಿಯ ಪದರಗಳಲ್ಲಿ ಒಂದಕ್ಕೆ ಕೊಲ್ಹಾಪುರದ ಪನ್ಹಾಳದ ಹೆಸರು, ಇನ್ನೊಂದಕ್ಕೆ ಬೆಳಗಾವಿಯ ದೇಸೂರಿನ ಹೆಸರು ಬಂತು. ಜಗತ್ತಿನ ಸಂಶೋಧನಾ ಪತ್ರಿಕೆಗಳಲ್ಲಿ ದೇಸೂರು ಓಡಾಡುತ್ತಿದೆ. ಜಿಲ್ಲೆಯೊಳಗೆ ಅದು ಎಷ್ಟು ಜನರಿಗೆ ಗೊತ್ತು?

ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು ನಾಲ್ಕಿವೆ: ಲಾಲ್‌ಬಾಗಿನ ಬಂಡೆ, ಸೇಂಟ್ ಮೇರೀಸ್ ದ್ವೀಪ, ಮರಡಿಹಳ್ಳಿಯ ಲಾವಾ, ಕೋಲಾರ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಚೂರುಗಲ್ಲು. ದಖನ್ನಿನ ಲಾವಾ ಹೊದ್ದ ಉತ್ತರದ ಜಿಲ್ಲೆಗಳಲ್ಲಿ ಒಂದೂ ಇಲ್ಲ. ಖಡಿಗಾಗಿ ಗುಡ್ಡ ಕತ್ತರಿಸಿದಲ್ಲಿ ಹರಿವು, ಕೆಂಪು ಪಟ್ಟಿ, ಮತ್ತೆ ಹರಿವು ಎಂದು ಪದರಗಳು ಬರೆದಿಟ್ಟಂತೆ ಕಾಣುತ್ತವೆ. ಮುಂದಿನ ಸಿಡಿತಕ್ಕೆ ಅವೂ ಖಡಿಯಾಗುತ್ತವೆ. ತಾಲೂಕಿಗೊಂದು ಕೈಬಿಟ್ಟ ಖಣಿಯ ಒಂದು ಗೋಡೆಯನ್ನು ಉಳಿಸಿ, ಬೇಲಿ ಹಾಕಿ, ಹುಡುಗರು ನಿಂತು ಓದುವಂಥ ಫಲಕ ನೆಡಲು ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಗ್ರಾಮ ಪಂಚಾಯಿತಿಗೂ ಭಾರಿ ದುಡ್ಡೇನೂ ಬೇಡ. ಫಲಕದ ಮೊದಲ ಸಾಲಿನಲ್ಲಿ ಈ ಕಲ್ಲು ಹಿಮಾಲಯದ ಡಿಕ್ಕಿಯದಲ್ಲ, ಅದಕ್ಕೂ ಹಳೆಯದು ಎಂದಿರಲಿ. ಎರಡನೆಯ ಸಾಲಿನಲ್ಲಿ, ನಿಮ್ಮ ಬಾವಿಯ ನೀರು ಯಾವ ಪದರದಲ್ಲಿದೆ ಎಂದು ಬಾಣದ ಗುರುತು ಹಾಕಿರಲಿ.